‘ಇವಿ ರೆಡಿ ಲೇಔಟ್’ ಅಂತ ಹೇಳಿದರೆ ಮೊದಲು ಆ ಡಬ್ಬಿಯ ಮುಚ್ಚಳ ತೆಗೆಸಿ ನೋಡಿ

ಸೈಟ್ ಹುಡುಕುತ್ತಿರುವವರು, ಅದರಲ್ಲೂ ಎಲೆಕ್ಟ್ರಿಕ್ ಕಾರ್ (ಇವಿ) ಇರುವವರು, ಅಡ್ವಾನ್ಸ್ ಕೊಡುವ ಮುಂಚೆ ದಯವಿಟ್ಟು ಇದನ್ನು ಓದಿ. ಬರೆಯೋಕೆ ನಾಚಿಕೆ ಆಗುತ್ತೆ. ಆದರೂ ಬರೆಯುತ್ತಿದ್ದೇನೆ. ಯಾರಾದರೂ ನಾಲ್ಕು ಜನ ಬಚಾವಾದರೆ ಸಾಕು.

ನೆಲಮಂಗಲ ದಾಟಿ ದಾಬಸ್‌ಪೇಟೆ ಕಡೆ ಹೋಗುವಾಗ ಹೆದ್ದಾರಿಯಿಂದ ಸ್ವಲ್ಪ ಒಳಗೆ ಒಂದು ಲೇಔಟ್. ಹೆಸರು ಹೇಳಲ್ಲ. 2022ರಲ್ಲಿ ಅಲ್ಲಿ ಒಂದು 30x40 ಸೈಟ್ ತಗೊಂಡೆ. ಭಾನುವಾರ ಅವರದೇ ವ್ಯಾನು, ಶಾಮಿಯಾನ, ಬಿಸಿಬೇಳೆಬಾತು, ಮಕ್ಕಳಿಗೆ ಬಲೂನು. ಇದೆಲ್ಲ ನಿಮಗೂ ಗೊತ್ತಿರೋದೇ. ಇವರ ಹತ್ತಿರ ಇನ್ನೊಂದು ಇತ್ತು. ಗೇಟಿನ ಪಕ್ಕ ಹಸಿರು ಬಣ್ಣ ಬಳಿದ ಆರು ಪಾರ್ಕಿಂಗ್ ಜಾಗ, ಒಂದೊಂದರ ಮುಂದೆಯೂ ಕಂಬಕ್ಕೆ ಕೂರಿಸಿದ ಬಿಳಿ ಡಬ್ಬಿ. “ಇವಿ ಹಬ್ ಸರ್. ಇನ್ನೂ ಎರಡು ಕಡೆ ಬರುತ್ತೆ. ರೋಡೆಲ್ಲ ಮೂವತ್ತಡಿ, ಮನೆ ಮುಂದೆ ಕಾರ್ ನಿಲ್ಲಿಸಿ, ಇಲ್ಲಿ ಚಾರ್ಜ್ ಮಾಡಿಕೊಳ್ಳಿ. ಸೈಟಲ್ಲಿ ಪಾರ್ಕಿಂಗ್‌ಗೆ ಅಂತ ಜಾಗ ಯಾಕೆ ಸುಮ್ನೆ ವೇಸ್ಟ್ ಮಾಡ್ತೀರಾ?” ಅಂದ ಸೇಲ್ಸ್ ಹುಡುಗ.

ಈ ಕೊನೆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅದಕ್ಕೇ ಚದರ ಅಡಿಗೆ 150 ರೂಪಾಯಿ ಜಾಸ್ತಿ ಕೊಟ್ಟೆ. 1200 ಅಡಿಗೆ ಲೆಕ್ಕ ಹಾಕಿ, 1,80,000. ರಸೀದಿಯಲ್ಲಿ ಬರೆದಿದ್ದು ಬರೀ ‘ಡೆವಲಪ್‌ಮೆಂಟ್ ಚಾರ್ಜಸ್’. ಇವಿ ಅನ್ನೋ ಎರಡಕ್ಷರ ಎಲ್ಲೂ ಇಲ್ಲ. ಆಗ ನೋಡಲೇ ಇಲ್ಲ ನಾನು.

ಮನೆ ಪ್ಲಾನ್ ಹಾಕುವಾಗ ಇಂಜಿನಿಯರ್ ಕೇಳಿದ್ದರು, “ಕಾರ್ ಎಲ್ಲಿ ನಿಲ್ಲಿಸ್ತೀರಾ ಸರ್?” ನಾನು ದೊಡ್ಡ ಮನುಷ್ಯನ ಹಾಗೆ ಬ್ರೋಷರ್ ಬಿಚ್ಚಿ ತೋರಿಸಿದೆ. ಅವರು ಒಂದು ನಿಮಿಷ ನೋಡಿ, “ನಿಮ್ಮಿಷ್ಟ” ಅಂದರು. ಪೋರ್ಟಿಕೋ ಬರಬೇಕಿದ್ದ ಜಾಗದಲ್ಲಿ ಬಾಡಿಗೆಗೆ ಅಂತ ಒಂದು ಸಣ್ಣ ಮನೆ ಎದ್ದಿತು. ಈ ತಪ್ಪು ನನ್ನದೇ. ಒಪ್ಪಿಕೊಳ್ಳುತ್ತೇನೆ. ಆದರೆ ಆ ತಪ್ಪು ಮಾಡಿಸಿದ್ದು ಯಾರು?

2024ರ ಶ್ರಾವಣದಲ್ಲಿ ಕಾರ್ ಬಂತು. 24 ಕಿಲೋವ್ಯಾಟ್ ಅವರ್ ಬ್ಯಾಟರಿಯ ಸಣ್ಣ ಗಾಡಿ. ದೇವಸ್ಥಾನದಲ್ಲಿ ಪೂಜೆ ಮಾಡಿಸಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಹಾಯಿಸಿ, ಬಾನೆಟ್ ಮೇಲೆ ಕುಂಕುಮ ಇದ್ದ ಹಾಗೇ ಸೀದಾ ಆ ಇವಿ ಹಬ್‌ಗೆ ಬಂದೆ. ಹೆಂಡತಿ ಮೊಬೈಲಲ್ಲಿ ವಿಡಿಯೋ ಮಾಡುತ್ತಿದ್ದಳು. ಡಬ್ಬಿಯ ಮುಚ್ಚಳ ತೆಗೆದೆ. ಒಳಗೆ ಸಾಕೆಟ್ಟೇ ಇಲ್ಲ. ಎರಡು ಸ್ಕ್ರೂ ತೂತು, ಮೂಲೆಯಲ್ಲಿ ಕುಂಬಾರ ಹುಳ ಕಟ್ಟಿದ ಮಣ್ಣಿನ ಗೂಡು. ಕೆಳಗಿಂದ ಒಂದು ಪೈಪು ಬಂದಿತ್ತು, ಅದರೊಳಗೆ ವೈರಿಲ್ಲ. ಸ್ವಲ್ಪ ಎಳೆದೆ ಅಷ್ಟೆ, ಪೈಪು ಕೈಗೇ ಬಂತು. ಒಂದಡಿ ಮಣ್ಣಲ್ಲಿ ಹೂತಿದ್ದರು, ಅಷ್ಟೇ. ಪಕ್ಕದ ಡಬ್ಬಿ ತೆಗೆದೆ. ಅದೂ ಹಾಗೇ. ಆರೂ ತೆಗೆದೆ. ಆರೂ ಹಾಗೇ.

ವಾಕಿಂಗ್ ಬಂದಿದ್ದ ಹಿರಿಯರೊಬ್ಬರು ನಿಂತು ನೋಡಿ, “ಅಯ್ಯೋ, ಅದು ಬರೀ ಡಬ್ಬಿ ಸರ್. ನಾನೂ ಹೋದ ವರ್ಷ ಹೀಗೇ ತೆಗೆದು ನೋಡಿದೆ” ಅಂದರು. ವಿಡಿಯೋ ಇನ್ನೂ ಓಡ್ತಾನೇ ಇತ್ತು.

ಲೇಔಟ್ ಮಾಡಿದ ಡೆವಲಪರಿಗೆ ಫೋನ್ ಮಾಡಿದೆ. ಅವರ ಉತ್ತರಗಳನ್ನು ಇದ್ದ ಹಾಗೇ ಬರೆಯುತ್ತೇನೆ, ನೀವೇ ಓದಿ.

“ಸರ್, ಇವಿ ಪ್ರೊವಿಜನ್ ಅಂತ ಹೇಳಿದ್ವಿ. ಪ್ರೊವಿಜನ್ ಅಂದ್ರೆ ಪ್ರೊವಿಜನ್. ಚಾರ್ಜರ್ ಕೊಡ್ತೀವಿ ಅಂತ ಎಲ್ಲಿ ಹೇಳಿದ್ವಿ?”

ಬ್ರೋಷರಲ್ಲಿ ಕಾರಿಗೆ ಕೇಬಲ್ ಸಿಕ್ಕಿಸಿರೋ ಚಿತ್ರ ಇದ್ಯಲ್ಲಪ್ಪ ಅಂದೆ. “ಅದು ಆರ್ಟಿಸ್ಟ್ ಬರೆದ ಚಿತ್ರ ಸರ್. ಕೆಳಗೆ ಸಣ್ಣಕ್ಷರದಲ್ಲಿ ಹಾಕಿದೀವಿ, ನೋಡಿ.” ನೋಡಿದೆ. ಹಾಕಿದ್ದಾರೆ. ಸಾಸಿವೆ ಕಾಳಿನಷ್ಟು ಅಕ್ಷರ.

ಹಾಗಾದ್ರೆ 1,80,000 ಯಾಕೆ ಇಸ್ಕೊಂಡ್ರಿ? “ಅದು ರೋಡು, ಚರಂಡಿ, ಕರೆಂಟಿಗೆ ಸರ್. ಈಗೆಲ್ಲ ಅಸೋಸಿಯೇಷನ್‌ಗೆ ಹ್ಯಾಂಡೋವರ್ ಆಗಿದೆ, ಅವರನ್ನೇ ಕೇಳಿ.” ಅಸೋಸಿಯೇಷನ್ ಕಾರ್ಯದರ್ಶಿ ನನ್ನ ಹಿಂದಿನ ಬೀದಿಯವರು. ಅವರೂ ಇದೇ ಡಬ್ಬಿ ನಂಬಿ ಸೈಟ್ ತಗೊಂಡವರು!

ಇನ್ನೂ ಉರಿಯೋ ವಿಷಯ ಮುಂದಿದೆ. ಮಗಳು ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ವೆಬ್‌ಸೈಟ್‌ನಲ್ಲಿ ನಮ್ಮ ಲೇಔಟಿನ ಮಂಜೂರಾದ ನಕ್ಷೆ ತೆಗೆದಳು. ಆ ‘ಇವಿ ಹಬ್’ ಇರುವ ಜಾಗ ನಕ್ಷೆಯಲ್ಲಿ ಪಾರ್ಕ್. ಕಾರ್ ಪಾರ್ಕ್ ಅಲ್ಲ, ಮಕ್ಕಳು ಆಡೋ ಪಾರ್ಕ್. ಲೇಔಟ್ ಮಂಜೂರು ಮಾಡಿಸಿಕೊಂಡ ಮೇಲೆ ಪಾರ್ಕು, ರೋಡುಗಳನ್ನು ಡೆವಲಪರ್ ಬರೆದುಕೊಡಬೇಕು, ಅವು ಅವನದಲ್ಲ. ತನ್ನದಲ್ಲದ ಜಾಗಕ್ಕೆ ಹಸಿರು ಬಣ್ಣ ಬಳಿದು ನನಗೆ ತೋರಿಸಿ ದುಡ್ಡು ಇಸ್ಕೊಂಡಿದ್ದಾರೆ. ಆ ನಕ್ಷೆ ಸೈಟ್ ತಗೊಳ್ಳೋ ಮುಂಚೆಯಿಂದಲೂ ಅಲ್ಲೇ ಇತ್ತು. ಪುಕ್ಕಟೆ. ಮಗಳಿಗೆ ಹುಡುಕೋಕೆ ಹತ್ತು ನಿಮಿಷವೂ ಆಗಲಿಲ್ಲ.

ಮೂವತ್ತಡಿ ರೋಡಿನ ಕತೆಯೂ ಇಷ್ಟೇ. ಮೂವತ್ತಡಿ ಅನ್ನೋದು ಈ ಬದಿ ಸೈಟಿಂದ ಆ ಬದಿ ಸೈಟಿಗೆ. ಅದರಲ್ಲಿ ಚರಂಡಿ, ಫುಟ್‌ಪಾತು ಕಳೆದು ಟಾರು ಇರೋದು 18 ಅಡಿ. ಟೇಪ್ ಹಿಡಿದು ಅಳೆದಿದ್ದೇನೆ. ಒಂದು ಕಾರ್ ಸುಮಾರು ಆರಡಿ ಅಗಲ. ಎರಡೂ ಬದಿ ನಿಂತರೆ ನಡುವೆ ಉಳಿಯೋದು ಆರಡಿ. ಸ್ಕೂಲ್ ವ್ಯಾನ್ ಬರಲ್ಲ, ನೀರಿನ ಟ್ಯಾಂಕರ್ ಬರಲ್ಲ. ಮೇಲಿಂದ ಪ್ರತಿ ಮನೆಯವರೂ ರ್ಯಾಂಪ್ ಅಂತ ಚರಂಡಿ ಮೇಲೆ ಎರಡಡಿ ಮುಂದೆ ಬಂದಿದ್ದಾರೆ. ಬೆಳಗ್ಗೆ ಎಂಟು ಗಂಟೆಗೆ ನಮ್ಮ ಕ್ರಾಸಲ್ಲಿ ದಿನಾ ಹಾರ್ನು, ದಿನಾ ಜಗಳ.

ಸರಿ, ಮನೆಯಿಂದಲೇ ಚಾರ್ಜ್ ಮಾಡೋಣ ಅಂತ ಕಿಟಕಿಯಿಂದ ಎಕ್ಸ್‌ಟೆನ್ಷನ್ ಬೋರ್ಡ್ ಎಳೆದು, ಚರಂಡಿ ದಾಟಿಸಿ, ರೋಡಲ್ಲಿ ನಿಂತ ಕಾರಿಗೆ ಹಾಕಿದೆ. 15 ಆಂಪ್ ಸಾಕೆಟ್ಟಲ್ಲಿ ಪೂರ್ತಿ ಚಾರ್ಜ್ ಆಗೋಕೆ ಎಂಟೊಂಬತ್ತು ಗಂಟೆ ಬೇಕು. ಅಂಗಡಿಯ ಮಾಮೂಲಿ ಬೋರ್ಡು, ಸಣ್ಣ ವೈರು, ಅಷ್ಟು ಹೊತ್ತು ತಡೆಯುತ್ತಾ? ರಾತ್ರಿ ಎರಡು ಗಂಟೆಗೆ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದು ಎದ್ದೆ. ಪ್ಲಗ್ಗಿನ ಒಂದು ಕಾಲು ಬೋರ್ಡಿನೊಳಗೆ ಕರಗಿ ಅಂಟಿಕೊಂಡಿತ್ತು. ದಯವಿಟ್ಟು ಯಾರೂ ಈ ಕೆಲಸ ಮಾಡಬೇಡಿ. ದಯವಿಟ್ಟು.

ಮರುದಿನ ಬಂದ ಲೈನ್‌ಮ್ಯಾನ್ ಒಳ್ಳೆ ಮನುಷ್ಯ. ಬೈಯಲಿಲ್ಲ, ಕಂಬದ ಹತ್ತಿರ ಕರ್ಕೊಂಡು ಹೋಗಿ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ತೋರಿಸಿದರು. “ನೋಡಿ ಸರ್, ಎರಡು ಕ್ರಾಸಿಗೂ ಸೇರಿ 63 ಕೆವಿಎ ಒಂದೇ ಟಿಸಿ. ಐವತ್ತು ಚಿಲ್ಲರೆ ಕಿಲೋವ್ಯಾಟ್ ಅಂದ್ಕೊಳ್ಳಿ. ಏಳು ಕಿಲೋವ್ಯಾಟ್ ಚಾರ್ಜರನ್ನ ಏಳು ಮನೆಯವರು ಒಟ್ಟಿಗೆ ಹಾಕಿದ್ರೆ ಅಲ್ಲಿಗೇ ಮುಗೀತು. ಮಿಕ್ಕವರ ಗೀಜರು, ಫ್ರಿಜ್ಜು?” ನಲವತ್ತು ಸೈಟಿವೆ ಆ ಎರಡು ಕ್ರಾಸಲ್ಲಿ. ಇದಾ ಇವಿ ರೆಡಿ?

ಇದನ್ನೂ ಡೆವಲಪರಿಗೆ ಹೇಳಿದೆ. “ನಿಮ್ಮ ಮನೆ ಲೋಡ್ ಮೂರು ಕಿಲೋವ್ಯಾಟ್ ತಗೊಂಡಿದೀರಾ, ಜಾಸ್ತಿ ಮಾಡಿಸ್ಕೊಳ್ಳಿ ಸರ್, ನಮಗೇನ್ ಸಂಬಂಧ?” ಅಂತ ವಾಟ್ಸಾಪಲ್ಲಿ ಬರೆದು, ಕೊನೆಗೆ ಒಂದು ಕೈಮುಗಿಯೋ ಗುರುತು. ಆಮೇಲೆ ನನ್ನನ್ನು ಬ್ಲಾಕ್ ಮಾಡಿದರು.

ಈಗ ಹೆದ್ದಾರಿಯ ಒಂದು ಹೋಟೆಲಲ್ಲಿ ವಾರಕ್ಕೆ ಎರಡು ಸಲ ಚಾರ್ಜ್ ಮಾಡಿಸಿಕೊಂಡು, ಕಾಫಿ ಕುಡಿದು ಬರುತ್ತೇನೆ. ಮನೆಯಲ್ಲಿ ಹಾಕಿದ ತಿಂಗಳು 200 ಯೂನಿಟ್ ದಾಟಿ ಗೃಹಜ್ಯೋತಿಯೂ ಹೋಗಿ ಪೂರ್ತಿ ಬಿಲ್ ಬಂದಿತ್ತು, ಅದು ಬೇರೆ ಕತೆ.

ನಿಮಗೆ ಹೇಳೋದು ಇಷ್ಟೇ. ಬ್ರೋಷರ್ ಮುಚ್ಚಿಡಿ, ಮಂಜೂರಾದ ನಕ್ಷೆ ತೆಗೀರಿ, ಅವರು ಬೆರಳು ತೋರಿಸಿದ ಜಾಗ ಅದರಲ್ಲಿ ಏನು ಅಂತ ನೋಡಿ. ಟಿಸಿ ಎಷ್ಟು ಕೆವಿಎ, ಎಷ್ಟು ಸೈಟಿಗೆ, ಬರೆದು ಕೊಡಿ ಅನ್ನಿ. ಕೊಡಲ್ಲ ಅಂದ್ರೆ ಎದ್ದು ಬನ್ನಿ. ಕಾರ್ ನಿಲ್ಲೋಕೆ ನಿಮ್ಮ ಸೈಟೊಳಗೇ ಹತ್ತಡಿ ಅಗಲ, ಹದಿನಾರಡಿ ಉದ್ದ ಜಾಗ ಬಿಡಿ, ಬಾಡಿಗೆ ಆಸೆಗೆ ಬೀಳಬೇಡಿ. ಬ್ರೋಷರ್, ವಾಟ್ಸಾಪ್ ಮೆಸೇಜ್ ಯಾವುದನ್ನೂ ಡಿಲೀಟ್ ಮಾಡಬೇಡಿ. ಸುಳ್ಳು ಜಾಹೀರಾತು ನಂಬಿ ದುಡ್ಡು ಕಳಕೊಂಡವರಿಗೆ ರೇರಾ ಕಾಯ್ದೆಯ 12ನೇ ಸೆಕ್ಷನ್ ಇದೆ. ನಾವು ಒಂಬತ್ತು ಮನೆಯವರು ಸೇರಿ ದೂರು ಬರೆಯುತ್ತಿದ್ದೇವೆ.

ಹತ್ತನೆಯವರು ನನ್ನ ಷಡ್ಡಕ. ನನ್ನ ಮಾತು ಕೇಳಿ ಅದೇ ಲೇಔಟಲ್ಲಿ ಸೈಟ್ ತಗೊಂಡರು, ಇನ್ನೂ ಮನೆ ಕಟ್ಟಿಲ್ಲ. ಗೌರಿ ಹಬ್ಬಕ್ಕೆ ಎಲ್ಲರೂ ಸೇರಿದ್ದಾಗ ಊಟದ ಎಲೆ ಮುಂದೆ ಕೂತು, “ಏನ್ ಭಾವ, ಡಬ್ಬಿ ಚಾರ್ಜ್ ಆಯ್ತಾ?” ಅಂದರು. ಎಲ್ಲರೂ ನಕ್ಕರು. ಅವರು ನಗಲಿಲ್ಲ.

ಈಗ ಎರಡನೇ ಹಂತದ ಸೈಟುಗಳ ಮಾರಾಟ ಶುರುವಾಗಿದೆ. ಹೋದ ಶನಿವಾರ ಹುಡುಗರು ಬಂದು ಹಸಿರು ಬಣ್ಣ ಮತ್ತೆ ಬಳಿದು, ಡಬ್ಬಿಗಳಿಗೆ ಹೊಸ ಸ್ಟಿಕ್ಕರ್ ಅಂಟಿಸಿ ಹೋದರು. ಮುಚ್ಚಳಗಳಿಗೆ ಈ ಸಲ ಬೀಗ ಹಾಕಿದ್ದಾರೆ.