ಹಿತ್ತಿಲಿಗೆ ಯಾವ ಬೆಂಡೆ: ಊರಿನ ಹಾಲು ಬೆಂಡೆಯೋ, ಅರ್ಕಾ ಅನಾಮಿಕಾವೋ?

ಉಡುಪಿ ಕಡೆ ಮಳೆಗಾಲಕ್ಕೆ ಬೆಂಡೆ ಹಾಕುವವರು ಮೊದಲು ಕೇಳುವುದೇ ಇದನ್ನು.

ಊರಿನ ಹಾಲು ಬೆಂಡೆ ಗೇಣುದ್ದ ಬೆಳೆದರೂ ತುದಿ ಪಟ್ ಎಂದು ಮುರಿಯುತ್ತದೆ. ಹುಳಿಗೆ ಹಾಕಿದರೆ ಅದರ ರುಚಿಯೇ ಬೇರೆ. ಆದರೆ ಒಂದೇ ಸಾಲಿನಲ್ಲಿ ಒಂದು ಗಿಡ ಬೇಗ ಹೂಬಿಡುತ್ತದೆ, ಇನ್ನೊಂದು ಸುಮ್ನೆ ಎತ್ತರ ಹೋಗುತ್ತದೆ. ಕೆಲವರಿಗೆ ಇದು ತೊಂದರೆ. ನನಗೆ ಇದೇ ಆಸ್ತಿ. ಗಿಡಗಳಲ್ಲಿ ವ್ಯತ್ಯಾಸ ಇದ್ದರೆ ತಾನೇ ಒಳ್ಳೆಯದನ್ನು ಆರಿಸಲು ಆಗುವುದು? ಜಾಸ್ತಿ ಕಾಯಿ ಬಿಟ್ಟ, ಎಲೆ ಹಸಿರಾಗೇ ಉಳಿದ ಗಿಡಕ್ಕೆ ಬಣ್ಣದ ದಾರ ಕಟ್ಟಿ, ಅದರ ಕಾಯಿಯನ್ನೇ ಬೀಜಕ್ಕೆ ಬಿಡಿ. ಜೇನ್ನೊಣಗಳು ಪರಾಗ ಬೆರೆಸುತ್ತವೆ. ಹಾಗಾಗಿ ಪಕ್ಕದಲ್ಲಿ ಬೇರೆ ತಳಿ ಬೇಡ.

ಅರ್ಕಾ ಅನಾಮಿಕಾ ಬೆಂಗಳೂರಿನ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿ. ಬೆಂಡೆಯನ್ನು ಅದರ ಕಾಡು ಸಂಬಂಧಿಯ ಜೊತೆ ಕೂಡಿಸಿ, ಬಿಳಿ ನೊಣ ಹರಡುವ, ಎಲೆಯ ನರ ಹಳದಿಯಾಗಿಸುವ ಹಳದಿ ನಂಜು (ವೈರಸ್) ರೋಗವನ್ನು ತಡೆಯುವ ಗುಣ ತಂದರು. ಇಳುವರಿ ಹೆಕ್ಟೇರಿಗೆ ಸುಮಾರು 20 ಟನ್. ಕಾಯಿ ಹಸಿರು, ಒಂದೇ ಅಳತೆ. ಮಂಗಳೂರಿನ ಮಾರುಕಟ್ಟೆಗೆ ಕೊಡುವವರಿಗೆ ಇದೇ ಸರಿ. ಆದರೆ ನಂಜು ಬದಲಾಗುತ್ತದೆ. ಒಂದು ಕಾಲದಲ್ಲಿ ಈ ರೋಗ ತಡೆಯುತ್ತಿದ್ದ ಪೂಸಾ ಸಾವನಿ ಎಂಬ ಹಳೆಯ ಬೆಂಡೆ ತಳಿಯೂ ಆಮೇಲೆ ಸೋತಿತು. ಹಳದಿ ನರ ಕಂಡ ಗಿಡವನ್ನು ಅದೇ ದಿನ ಕೀಳಿ.

ಇನ್ನು ಹೈಬ್ರಿಡ್, ಅಂದರೆ ಎರಡು ತಳಿ ಕೂಡಿಸಿ ಪ್ರತಿ ಸಲ ಹೊಸದಾಗಿ ಮಾಡುವ ಬೀಜ. ಅದು ಒಳ್ಳೆಯ ಫಸಲು ಕೊಡುತ್ತದೆ, ಆದರೆ ಬೀಜ ಪ್ರತಿ ವರ್ಷ ಕೊಳ್ಳಬೇಕು. ಉಳಿಸಿ ಹಾಕಿದರೆ ಗಿಡಗಳು ತಾಯಿಯಂತೆ ಬರುವುದಿಲ್ಲ.

ಮನೆಗಾದರೆ ನನ್ನ ಮತ ಹಾಲು ಬೆಂಡೆಗೆ. ಜಾಗ ಇದ್ದರೆ ದೂರದ ಮೂಲೆಯಲ್ಲಿ ಹತ್ತು ಅನಾಮಿಕಾ ಗಿಡವೂ ಇರಲಿ.