ಎಂಜಿನ್ ವಾಶ್ ಅಂತ ಪ್ರೆಷರ್ ಗನ್ ಹಿಡಿದು ಬಂದ್ರೆ ಬಾನೆಟ್ ತೆಗೀಬೇಡಿ

ಎಂಜಿನ್ ವಾಶ್‌ಗೆ ಅಂತ ಬೇರೆಯಾಗಿ 400 ರೂಪಾಯಿ. ವಾಟರ್ ಸರ್ವಿಸ್‌ನವರು ಅದಕ್ಕೆ ಮಾಡಿದ್ದಿಷ್ಟು: ಬಿಸಿ ಬಿಸಿ ಎಂಜಿನ್ ಮೇಲೆ ಪ್ರೆಷರ್ ಗನ್, ಆಮೇಲೆ ಡೀಸೆಲ್ ಸ್ಪ್ರೇ. ಫ್ಯೂಸ್ ಬಾಕ್ಸ್ ಮುಚ್ಚಲಿಲ್ಲ, ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್ ಮುಚ್ಚಲಿಲ್ಲ, ಒಂದು ಪ್ಲಾಸ್ಟಿಕ್ ಕವರ್ ಕೂಡ ಇಲ್ಲ. ಕೇಳಿದ್ರೆ, "ಮಳೇಲಿ ಓಡ್ಸಲ್ವಾ ಸಾರ್? ಏನೂ ಆಗಲ್ಲ."

ಮಳೆ ಬೀಳೋದು ಮುಚ್ಚಿದ ಬಾನೆಟ್ ಮೇಲೆ ಕಣ್ರೀ! ಗನ್ನಿನ ನೀರು 100 ಬಾರ್ ಒತ್ತಡದಲ್ಲಿ ಬರುತ್ತೆ, ಸೆನ್ಸರ್‌ಗೆ ವೈರ್ ಸೇರೋ ಕಪ್ಲರ್‌ಗಳ ರಬ್ಬರ್ ಸೀಲ್ ಅದನ್ನ ತಡೆಯಲ್ಲ.

ಕೆಲಸ ಮುಗಿದಾಗ ಪ್ಲಾಸ್ಟಿಕ್ಕೆಲ್ಲ ಕರ್ರಗೆ ಮಿಂಚ್ತಿತ್ತು. "ನೋಡಿ ಸಾರ್, ಶೋರೂಮ್ ಗಾಡಿ ಥರ." ಹೌದಪ್ಪಾ ಅಂತ ದುಡ್ಡು ಕೊಟ್ಟು ಕೀ ತಿರುಗಿಸಿದ್ರೆ ಗಾಡಿ ಗಡಗಡ ನಡುಗ್ತಿದೆ, ಚೆಕ್ ಎಂಜಿನ್ ಲೈಟ್ ಮಿಣುಕ್ತಿದೆ, ಸಾಲಲ್ಲಿ ನಿಂತವರೆಲ್ಲ ನೋಡ್ತಿದ್ದಾರೆ. ಮಿಂಚಿದ್ದು ಡೀಸೆಲ್ ಅಷ್ಟೇ. 400 ರೂಪಾಯಿಗೆ ಡೀಸೆಲ್!

"ಬಿಸಿಲಲ್ಲಿ ನಿಲ್ಸಿ, ಒಣಗುತ್ತೆ" ಅಂದ್ರು. ಒಣಗಲ್ಲ. ಈಗಿನ ಪೆಟ್ರೋಲ್ ಗಾಡಿಗಳಲ್ಲಿ ಕಿಡಿ ಹಾರಿಸೋ ಸ್ಪಾರ್ಕ್ ಪ್ಲಗ್ ಕೂತಿರೋದು ಆಳದ ಗುಂಡಿಯಲ್ಲಿ, ಮೇಲೆ ಅದಕ್ಕೆ ಕರೆಂಟ್ ಕೊಡೋ ಕಾಯಿಲ್‌ನ ರಬ್ಬರ್ ಬಿಗಿಯಾಗಿ ಮುಚ್ಚಿರುತ್ತೆ. ಒಳಗೆ ಹೋದ ನೀರು ಅಲ್ಲೇ. ಕಿಡಿ ಪ್ಲಗ್ ತುದಿಗೆ ಹೋಗೋ ಬದಲು ಪಕ್ಕಕ್ಕೆ ಹಾರುತ್ತೆ, ಆ ಸಿಲಿಂಡರ್ ಮಿಸ್ಸಿಂಗ್, ಅಂದ್ರೆ ಅದರಲ್ಲಿ ಪೆಟ್ರೋಲ್ ಉರಿಯಲ್ಲ. ಲೈಟ್ ಮಿಣುಕ್ತಿರುವಾಗ ಓಡಿಸಿದ್ರೆ ಉರಿಯದ ಪೆಟ್ರೋಲ್ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿದು ಅದನ್ನೂ ಸುಡುತ್ತೆ. ಗ್ಯಾರೇಜಲ್ಲಿ ಸ್ಕ್ಯಾನರ್ ಹಾಕಿದಾಗ ಬಂದ ಕೋಡ್ ಪಿ0302, ಅಂದ್ರೆ ಎರಡನೇ ಸಿಲಿಂಡರ್ ಮಿಸ್ಸಿಂಗ್. ಕಾಯಿಲ್ ಎತ್ತಿದ್ರೆ ಕೆಳಗೆ ನೀರು ನಿಂತಿತ್ತು. ವಾಟರ್ ಸರ್ವಿಸ್‌ನವರಿಗೆ ಫೋನ್ ಮಾಡಿದ್ರೆ "ನಿಮ್ ಗಾಡಿ ಮೊದ್ಲೇ ಹಂಗಿತ್ತೇನೋ." ಆಮೇಲೆ, "ಬಿಲ್ ಇದ್ಯಾ ಸಾರ್?" ಬಿಲ್ ಕೊಟ್ಟವರ ಥರ ಕೇಳ್ತಾರೆ!

ಡೀಸೆಲ್, ಸೀಮೆಎಣ್ಣೆ ಎರಡೂ ಬೇಡ. ಕೂಲಂಟ್ ಹೋಸ್‌ನ ರಬ್ಬರ್ ಊದಿಕೊಂಡು ಮೆತ್ತಗಾಗುತ್ತೆ, ಬೆಲ್ಟ್ ಮೇಲೆ ಬಿದ್ರೆ ಜಾರಿ ಕಿರುಚುತ್ತೆ, ಬಿಸಿ ಎಕ್ಸಾಸ್ಟ್ ಮೇಲೆ ಬಿದ್ರೆ ಹೊಗೆ, ಬೆಂಕಿಯ ಭಯ. ಜೊತೆಗೆ ಧೂಳೆಲ್ಲ ಅಂಟಿ ಮೊದಲಿಗಿಂತ ಗಲೀಜು.

ಮನೇಲೇ ಮಾಡ್ಕೊಳ್ಳಿ. ಎಂಜಿನ್ ಪೂರ್ತಿ ತಣ್ಣಗಾಗಿರಬೇಕು, ಕೈ ಇಟ್ರೆ ಸುಡಬಾರದು. ಬಿಸಿ ಇದ್ರೆ ಡೀಗ್ರೀಸರ್ (ಜಿಡ್ಡು ತೆಗೆಯೋ ದ್ರವ) ಅಲ್ಲೇ ಒಣಗಿ ಕಲೆ ಬೀಳುತ್ತೆ. 10 ನಂಬರ್ ಸ್ಪ್ಯಾನರಲ್ಲಿ ಬ್ಯಾಟರಿ ನೆಗೆಟಿವ್ ಬಿಚ್ಚಿ. ವೈಪರ್ ಕೆಳಗಿನ ಒಣ ಎಲೆ ಮೊದಲು ಕೈಯಲ್ಲೇ ತೆಗೀರಿ, ಒದ್ದೆಯಾದ್ರೆ ನೀರು ಹೋಗೋ ತೂತು ಕಟ್ಟಿಕೊಳ್ಳುತ್ತೆ. ಆಲ್ಟರ್ನೇಟರ್, ಫ್ಯೂಸ್ ಬಾಕ್ಸ್, ಇಸಿಯು (ಎಂಜಿನ್ನಿನ ಕಂಪ್ಯೂಟರ್), ಕಾಯಿಲ್, ಏರ್ ಫಿಲ್ಟರ್‌ನ ಬಾಯಿ, ಇಷ್ಟಕ್ಕೂ ಪ್ಲಾಸ್ಟಿಕ್ ಕವರ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ನೀರಲ್ಲಿ ಬೆರೆಯೋ ಡೀಗ್ರೀಸರ್, ಒಂದು ಪಾಲಿಗೆ ಹತ್ತು ಪಾಲು ನೀರು. ಜಿಡ್ಡು ಗಟ್ಟಿಯಿದ್ದ ಕಡೆ ಮಾತ್ರ ಐದು. ಸ್ಪ್ರೇ ಮಾಡಿ ಮೂರ್ನಾಲ್ಕು ನಿಮಿಷ ಬಿಟ್ಟು ಹಳೇ ಪೇಂಟ್ ಬ್ರಷ್ಷಲ್ಲಿ ಉಜ್ಜಿ. ತೊಳೆಯೋಕೆ ಪೈಪ್ ಬೇಡ, ಒದ್ದೆ ಮೈಕ್ರೋಫೈಬರ್ ಬಟ್ಟೆಯಲ್ಲಿ ಎರಡು ಮೂರು ಸಲ ಒರೆಸಿದ್ರೆ ಸಾಕು. ಕವರ್ ತೆಗೆದು ಬಾನೆಟ್ ತೆರೆದಿಟ್ಟು ಒಣಗಿಸಿ, ಬಿಚ್ಚಿದ ಬ್ಯಾಟರಿ ಟರ್ಮಿನಲ್ ಆಮೇಲೆ ಹಾಕಿ. ಎಲೆಕ್ಟ್ರಿಕ್, ಹೈಬ್ರಿಡ್ ಗಾಡಿಯ ಕಿತ್ತಳೆ ಬಣ್ಣದ ಹೈ ವೋಲ್ಟೇಜ್ ಕೇಬಲ್ ಹತ್ತಿರ ಯಾವ ದ್ರವವೂ ಬೇಡ.

ಈಗಾಗಲೇ ಯಾರೋ ಗನ್ ಬಿಟ್ಟಿದ್ದಾರಾ? ಮತ್ತೆ ಮತ್ತೆ ಸ್ಟಾರ್ಟ್ ಮಾಡ್ಬೇಡಿ. ಕಾಯಿಲ್ ಬಿಚ್ಚಿ ಎತ್ತಿಸಿ, ಗುಂಡಿಗೆ ಕಂಪ್ರೆಸರ್ ಗಾಳಿ ಹೊಡೆಸಿ. ನೀರು ಪೂರ್ತಿ ಹೋಗೋವರೆಗೂ ಪ್ಲಗ್ ಮಾತ್ರ ಬಿಚ್ಚಿಸಬೇಡಿ, ಬಿಚ್ಚಿದ್ರೆ ಆ ನೀರು ನೇರ ಸಿಲಿಂಡರ್ ಒಳಗೆ.