ಸ್ಪ್ಯಾನಿಷ್-ಇಂಗ್ಲಿಷ್ ಮಾತುಕತೆ ಪುಸ್ತಕ: ಮೆಕ್ಸಿಕೋದಲ್ಲಿ ಬಳಸಿ ನೋಡಿದ ಮೇಲೆ

ಕೆಲಸಕ್ಕೆಂದು ಮೆಕ್ಸಿಕೋ ಸಿಟಿಗೆ ಬಂದಾಗಿನಿಂದ ಈ ಪುಸ್ತಕ ನನ್ನ ಬ್ಯಾಗಿನಲ್ಲೇ ಇದೆ. ಅಂಗೈಯಗಲದ್ದು. ಎಡಕ್ಕೆ ಸ್ಪ್ಯಾನಿಷ್ ಮಾತು, ಬಲಕ್ಕೆ ಇಂಗ್ಲಿಷ್ ಅರ್ಥ. ಪ್ರಕಾಶಕರ ಹೆಸರು ಬೇಡ, ನನ್ನ ತಕರಾರು ಇಂಥ ಪುಸ್ತಕಗಳ ಮೇಲೆಲ್ಲ ಇದೆ.

ಬಿಲ್ ಕೇಳಲು ‘ಲಾ ಕ್ವೆಂತಾ, ಪೋರ್ ಫಾವೋರ್’, ಬೆಲೆ ಕೇಳಲು ‘ಕ್ವಾಂತೊ ಕ್ವೆಸ್ತಾ’. ಇವು ಬಂದಿಳಿದ ದಿನವೇ ಕೆಲಸಕ್ಕೆ ಬಂದವು. ಕೇಳುವುದು ಸುಲಭ ಬಿಡಿ, ಬಂದ ಉತ್ತರ ತಿಳಿಯಬೇಕಲ್ಲ! ನಾವು ಹೇಳಿದ್ದು ಕೇಳಿಸದಿದ್ದರೆ ಇಲ್ಲಿಯವರು ‘ಮಾಂದೆ?’ ಅನ್ನುತ್ತಾರೆ. ‘ಏನಂದ್ರಿ?’ ಅಂತ ಅರ್ಥ. ಪುಸ್ತಕದಲ್ಲಿ ಅದು ಇಲ್ಲವೇ ಇಲ್ಲ. ‘ಅಓರಾ’ ಅಂದರೆ ‘ಈಗ’ ಅಂತ ಕೊಟ್ಟಿದ್ದಾರೆ, ಸರಿಯೇ. ಆದರೆ ಜನ ಆಡುವುದು ‘ಅಓರಿತಾ’. ಪ್ಲಂಬರ್ ‘ಅಓರಿತಾ’ ಅಂದರೆ ಐದು ನಿಮಿಷವೂ ಇರಬಹುದು, ಸಂಜೆಯೂ ಆಗಬಹುದು. ನಮ್ಮ ‘ಇಗೋ ಬಂದೆ’ ಇದೆಯಲ್ಲ, ಥೇಟ್ ಅದೇ.

ಸ್ಪ್ಯಾನಿಷ್ ಸುಮಾರು 20 ದೇಶಗಳ ಅಧಿಕೃತ ಭಾಷೆ. ಬರೆದವರ ಕಣ್ಣು ಮಾತ್ರ ಸ್ಪೇನ್ ಮೇಲೆ. ಬಸ್ ಹಿಡಿಯಲು ‘ಕೊಹೇರ್’ ಅನ್ನಲು ಕಲಿಸುತ್ತಾರೆ. ಮ್ಯಾಡ್ರಿಡ್‌ನಲ್ಲಿ ಅದು ಸರಿ. ಮೆಕ್ಸಿಕೋದಲ್ಲಿ ನಾಲ್ಕು ಜನರ ಮುಂದೆ ಆಡುವ ಮಾತಲ್ಲ! ಇಲ್ಲಿ ‘ತೊಮಾರ್’ ಅನ್ನಬೇಕು. ಬಸ್ಸಿಗೂ ‘ಕಾಮಿಯೋನ್’ ಅನ್ನುತ್ತಾರೆ, ಪುಸ್ತಕದ ಪ್ರಕಾರ ಅದು ಲಾರಿ.

ಜಾಸ್ತಿ ತೊಡಕು ಇರುವುದು ಬಲಗಡೆಯ ಸಾಲಿನಲ್ಲಿ. ‘ಕೋಮೊ ಎಸ್ತಾಸ್’, ‘ಕೋಮೊ ಎಸ್ತಾ’ ಎರಡಕ್ಕೂ ‘ಹೌ ಆರ್ ಯು’ ಅಂತ ಬರೆದು ಕೈತೊಳೆದುಕೊಂಡಿದ್ದಾರೆ. ಮೊದಲನೆಯದು ‘ಹೇಗಿದ್ದೀಯ’, ಎರಡನೆಯದು ‘ಹೇಗಿದ್ದೀರ’. ಮನೆ ಓನರ್ ಆಂಟಿಗೆ ಯಾವುದು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ? ‘ಮೆ ಗುಸ್ತಾ ಎಲ್ ಕಫೆ’ಗೆ ‘ಐ ಲೈಕ್ ಕಾಫಿ’ ಅಂತ ಕೊಟ್ಟು, ಕೆಳಗೆ ಅರ್ಧ ಪುಟ ವ್ಯಾಕರಣ ಕೊರೆದಿದ್ದಾರೆ. ‘ನನಗೆ ಕಾಫಿ ಇಷ್ಟ’ ಅಂದುಕೊಂಡರೆ ಮುಗಿಯಿತು. ಅಲ್ಲೂ ‘ನನಗೆ’, ಇಲ್ಲೂ ‘ನನಗೆ’.

ಹಾಗಾಗಿ ಇಂಗ್ಲಿಷ್ ಪಕ್ಕದಲ್ಲೇ ಪೆನ್ಸಿಲಿನಲ್ಲಿ ಕನ್ನಡ ಬರೆದುಕೊಂಡಿದ್ದೇನೆ. ಉಚ್ಚಾರಣೆಯನ್ನೂ ಕನ್ನಡದಲ್ಲೇ. ಸ್ಪ್ಯಾನಿಷ್‌ನ ‘ಟಿ’ ಅಕ್ಷರ ನಮ್ಮ ‘ತ’ದ ಹಾಗೆ, ‘ಟ’ ಅಲ್ಲ. ಪುಸ್ತಕದ ಇಂಗ್ಲಿಷ್ ಸ್ಪೆಲಿಂಗ್ ನೋಡಿಕೊಂಡು ಇದನ್ನು ಹಿಡಿಯುವುದು ಕಷ್ಟ.

ಬೈಂಡಿಂಗ್ ಗಟ್ಟಿಯಾಗಿದೆ, ಇಷ್ಟು ಬಳಸಿದರೂ ಹಾಳೆ ಕಿತ್ತಿಲ್ಲ. ಐದಕ್ಕೆ ಮೂರು ಸ್ಟಾರ್. ಸ್ಪೇನಿಗೆ ಹೋಗುವವರು ಧೈರ್ಯವಾಗಿ ಕೊಳ್ಳಿ. ಅರ್ಜೆಂಟೀನಾಗೆ ಹೊರಟವರು ಬೇರೆ ನೋಡಿ. ಅಲ್ಲಿ ‘ನೀನು’ ಅನ್ನಲು ‘ತೂ’ ಬದಲು ‘ವೋಸ್’ ನಡೆಯುತ್ತದೆ, ಇದರಲ್ಲಿ ಅದರ ಸುದ್ದಿಯೇ ಇಲ್ಲ.